ಬೋನ್ ಮ್ಯಾರೋ ಕಸಿ: ಯಾರಿಂದ, ಯಾವ ಬಗೆ, ಎಷ್ಟರೊಳಗೆ?

ಬೋನ್ ಮ್ಯಾರೋ, ಅಂದರೆ ಮೂಳೆಯೊಳಗೆ ರಕ್ತ ತಯಾರಿಸುವ ಮಜ್ಜೆಯ ಕಸಿ ಮಾಡಿಸಬೇಕು ಎಂದು ಡಾಕ್ಟರು ಹೇಳಿದ ಸಂಜೆಯೇ ಮನೆಯವರ ವಾಟ್ಸಾಪ್ ತುಂಬಿಹೋಗುತ್ತದೆ. ಒಡಹುಟ್ಟಿದವರದ್ದೇ ಬೇಕು ಎಂದು ಒಬ್ಬರು. ಈಗ ಅರ್ಧ ಮ್ಯಾಚ್ ಇದ್ದರೂ ನಡೆಯುತ್ತದಂತೆ ಎಂದು ಇನ್ನೊಬ್ಬರು. ಯಾರಿಗೋ ಜರ್ಮನಿಯಿಂದ ತರಿಸಿದರಂತೆ, ಯಾರಿಗೋ ಸ್ವಂತ ಮಜ್ಜೆಯನ್ನೇ ತೆಗೆದು ವಾಪಸ್ ಹಾಕಿದರಂತೆ, ಇನ್ಯಾರಿಗೋ ಹೊಕ್ಕುಳಬಳ್ಳಿಯ ರಕ್ತದಿಂದ ವಾಸಿಯಾಯಿತಂತೆ. ಇದರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಒಂದೊಂದೂ ಒಂದೊಂದು ಕಾಯಿಲೆಯವರ ಕಥೆ.

ನಾನು ಡಾಕ್ಟರ್ ಅಲ್ಲ. ಇಂಥ ಮನೆಗಳವರ ಜೊತೆ ಆಸ್ಪತ್ರೆಗೆ ಓಡಾಡುತ್ತಾ, ಕೇಳುತ್ತಾ, ಓದುತ್ತಾ ಕಲಿತದ್ದು. ಯಾವುದು ಬೆಸ್ಟ್ ಎಂದು ಕೇಳುತ್ತಾ ಹೋದವರು ತುಂಬಾ ಸುತ್ತುತ್ತಾರೆ. ಈ ಕಾಯಿಲೆ ನಮಗೆ ಎಷ್ಟು ಸಮಯ ಕೊಡುತ್ತದೆ ಎಂದು ಮೊದಲು ಕೇಳಿಕೊಂಡವರು ಬೇಗ ತೀರ್ಮಾನಕ್ಕೆ ಬರುತ್ತಾರೆ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಕಾಯಿಲೆಗೆ ಎಷ್ಟು ಅವಸರ?

ವೇಗವಾಗಿ ಏರುವ ಬ್ಲಡ್ ಕ್ಯಾನ್ಸರ್ ಆದ ಅಕ್ಯೂಟ್ ಲ್ಯುಕೇಮಿಯಾಗೆ ಅವಸರ ಎಲ್ಲಕ್ಕಿಂತ ಜಾಸ್ತಿ. ಕೀಮೋ ಕೊಟ್ಟ ಮೇಲೆ ಕಾಯಿಲೆ ಹಿಡಿತಕ್ಕೆ ಬರುತ್ತದೆ. ಇದನ್ನೇ ರೆಮಿಷನ್ ಅನ್ನುವುದು. ಕಸಿ ಬೇಕಾದವರಿಗೆ ಆ ಹೊತ್ತಿನಲ್ಲೇ ಮಾಡಬೇಕು. ತಡವಾದರೆ ಕಾಯಿಲೆ ಮರುಕಳಿಸುವ ಭಯ. ಹಾಗಾಗಿ ದಾನಿಯ ಹುಡುಕಾಟ ಕೀಮೋ ಮುಗಿದ ಮೇಲೆ ಅಲ್ಲ, ಕಾಯಿಲೆ ಗೊತ್ತಾದ ವಾರದಲ್ಲೇ ಶುರುವಾಗಬೇಕು. ಮನೆಯವರು ಆ ಮೊದಲ ವಾರಗಳಲ್ಲಿ ಕಂಗಾಲಾಗಿರುತ್ತಾರೆ, ಯಾರಿಗೂ ಇದು ಹೊಳೆಯುವುದಿಲ್ಲ. ಡಾಕ್ಟರ್ ತಾವಾಗಿ ಹೇಳದಿದ್ದರೆ ನೀವೇ ಕೇಳಿ: "ಇವರಿಗೆ ಕಸಿ ಬೇಕಾಗುವ ಸಾಧ್ಯತೆ ಇದೆಯಾ? ಇದ್ದರೆ ಎಚ್‌ಎಲ್‌ಎ ಟೆಸ್ಟ್ ಈಗಲೇ ಕಳಿಸೋಣವಾ?" ಯಾರ ಮಜ್ಜೆ ಹೊಂದುತ್ತದೆ ಎಂದು ನೋಡುವ ಟೆಸ್ಟ್ ಅದು.

ಎಲ್ಲ ಬ್ಲಡ್ ಕ್ಯಾನ್ಸರಿಗೂ ಕಸಿ ಬೇಕಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು. ಸಿಎಂಎಲ್ ಎನ್ನುವ ನಿಧಾನದ ಲ್ಯುಕೇಮಿಯಾಗೆ ಒಂದು ಕಾಲದಲ್ಲಿ ಕಸಿಯೇ ಗತಿಯಾಗಿತ್ತು. 2001ರಲ್ಲಿ ಇಮ್ಯಾಟಿನಿಬ್ ಮಾತ್ರೆ ಬಂದ ಮೇಲೆ ಹೆಚ್ಚಿನವರು ದಿನಾ ಮಾತ್ರೆ ನುಂಗಿಕೊಂಡೇ ಆರಾಮಾಗಿದ್ದಾರೆ. ಮಕ್ಕಳಲ್ಲಿ ಬರುವ ಎಎಲ್‌ಎಲ್ ಎಂಬ ಅಕ್ಯೂಟ್ ಲ್ಯುಕೇಮಿಯಾ ಬಹುಪಾಲು ಕೀಮೋದಲ್ಲೇ ವಾಸಿಯಾಗುತ್ತದೆ.

ಅಪ್ಲಾಸ್ಟಿಕ್ ಅನೀಮಿಯಾ ಕ್ಯಾನ್ಸರ್ ಅಲ್ಲ. ಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸಿಬಿಡುತ್ತದೆ. ತೀವ್ರವಾಗಿದ್ದರೆ ಇದಕ್ಕೂ ಅವಸರ ಇದೆ. ವಯಸ್ಸು ಸುಮಾರು 40ರ ಒಳಗಿದ್ದು, ಪೂರ್ತಿ ಮ್ಯಾಚ್ ಆಗುವ ಅಣ್ಣ ತಮ್ಮ ಅಕ್ಕ ತಂಗಿ ಯಾರಾದರೂ ಇದ್ದರೆ ನೇರವಾಗಿ ಕಸಿ. ಇಲ್ಲದಿದ್ದರೆ ಸಾಮಾನ್ಯವಾಗಿ ಎಟಿಜಿ ಎಂಬ ಇಂಜೆಕ್ಷನ್ ಮತ್ತು ಸೈಕ್ಲೋಸ್ಪೋರಿನ್ ಕೊಟ್ಟು ನೋಡುತ್ತಾರೆ. ಅದು ಕೆಲಸ ಮಾಡಿತೋ ಇಲ್ಲವೋ ತಿಳಿಯಲು ಮೂರರಿಂದ ಆರು ತಿಂಗಳು ಬೇಕು. ಅಷ್ಟು ದಿನ ಸೋಂಕು, ರಕ್ತಸ್ರಾವ ತಡೆದುಕೊಂಡು ಇರಬೇಕು.

ಇಲ್ಲೊಂದು ಎಚ್ಚರಿಕೆ. ಕಸಿ ಆಗಬಹುದಾದ ರೋಗಿಗೆ ಮನೆಯವರ ರಕ್ತ, ಪ್ಲೇಟ್‌ಲೆಟ್ ಹಾಕಿಸಬೇಡಿ. ನಮ್ಮಲ್ಲಿ ಮೊದಲು ತೋಳು ಚಾಚುವವರು ಅಪ್ಪ, ಅಣ್ಣನೇ ಅಲ್ವಾ? ಪ್ರೀತಿ ಸರಿ. ಆದರೆ ನಾಳೆ ಅವರೇ ಮಜ್ಜೆಯ ದಾನಿಗಳಾಗಬೇಕಾದಾಗ, ರೋಗಿಯ ದೇಹ ಆ ಕೋಶಗಳ ವಿರುದ್ಧ ಆಗಲೇ ತಯಾರಾಗಿ ಕುಳಿತಿರಬಹುದು. ಕಸಿ ಹಿಡಿಯದೇ ಹೋಗಬಹುದು. ರಕ್ತ ಹೊರಗಿನವರದ್ದು ಸಾಕು.

ಇನ್ನು ಥಲಸ್ಸೀಮಿಯಾ, ಹುಟ್ಟಿನಿಂದಲೇ ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಕಾಯಿಲೆ. ಇದು ವರ್ಷಗಟ್ಟಲೆ ಕಾಯುತ್ತದೆ. ಹಾಗಂತ ಸುಮ್ನೆ ಕಾಯುತ್ತಾ ಕೂರುವ ಹಾಗೂ ಇಲ್ಲ. ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತಾ ಹೋದ ಹಾಗೆ ಮೈಯಲ್ಲಿ ಕಬ್ಬಿಣ ಸೇರುತ್ತದೆ. ಲಿವರ್, ಹೃದಯ, ಹಾರ್ಮೋನ್ ಗ್ರಂಥಿಗಳಿಗೆ ಪೆಟ್ಟು ಬೀಳುತ್ತದೆ. ಲಿವರ್ ದೊಡ್ಡದಾಗಿದೆಯೇ, ಅದರಲ್ಲಿ ಗಾಯದ ಕಲೆ ಕಟ್ಟಿದೆಯೇ, ಕಬ್ಬಿಣ ಇಳಿಸುವ ಔಷಧಿ ಸರಿಯಾಗಿ ತೆಗೆದುಕೊಂಡಿದ್ದಾರೆಯೇ ಎಂಬ ಮೂರು ವಿಷಯ ನೋಡಿ ಅಪಾಯದ ವರ್ಗ ಮಾಡುವ ಪದ್ಧತಿ ಇಟಲಿಯ ಪೆಸಾರೋದಿಂದ ಬಂತು. ಇವತ್ತಿಗೂ ಅದೇ ಬಳಕೆಯಲ್ಲಿದೆ. ಏಳು ವರ್ಷದ ಒಳಗಿನ, ಲಿವರ್ ಚೆನ್ನಾಗಿರುವ, ಒಡಹುಟ್ಟಿದವರ ಪೂರ್ತಿ ಮ್ಯಾಚ್ ಇರುವ ಮಗುವಿಗೆ ಒಳ್ಳೆಯ ಕೇಂದ್ರದಲ್ಲಿ ಕಸಿ ಮಾಡಿದರೆ ಹತ್ತರಲ್ಲಿ ಎಂಟು ಒಂಬತ್ತು ಮಕ್ಕಳು ರಕ್ತ ಹಾಕಿಸುವ ಕಷ್ಟದಿಂದ ಪಾರಾಗುತ್ತಾರೆ. ಹದಿನೈದು ವರ್ಷದ, ಕಬ್ಬಿಣ ತುಂಬಿಕೊಂಡ ಹುಡುಗನಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಅದಕ್ಕೇ ಥಲಸ್ಸೀಮಿಯಾ ಮಕ್ಕಳ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದಿಷ್ಟೇ: ಕಸಿ ಮಾಡಿಸುತ್ತೀರೋ ಇಲ್ಲವೋ ಆಮೇಲೆ ನೋಡೋಣ, ಕಬ್ಬಿಣ ಇಳಿಸುವ ಔಷಧಿ ಮಾತ್ರ ಒಂದು ದಿನವೂ ಬಿಡಬೇಡಿ. ಮೈಯಲ್ಲಿ ಸೇರಿದ ಕಬ್ಬಿಣದ ಅಳತೆಯಾದ ಫೆರಿಟಿನ್ ಹದ್ದುಬಸ್ತಿನಲ್ಲಿದ್ದರೆ ಮುಂದೆ ಎಲ್ಲ ದಾರಿಯೂ ತೆರೆದಿರುತ್ತದೆ. ಕಸಿ ಬೇಡ, ಒಳ್ಳೆಯ ರಕ್ತ ಮತ್ತು ಔಷಧಿಯಲ್ಲೇ ನಡೆಸುತ್ತೇವೆ ಅನ್ನುವುದೂ ಗೌರವದ ಆಯ್ಕೆಯೇ. ಹಾಗೆ ಓದಿ, ಕೆಲಸ ಹಿಡಿದು, ಮದುವೆಯಾಗಿ ಬದುಕುತ್ತಿರುವವರು ಇದ್ದಾರೆ. ಕಸಿಯಲ್ಲಿ ಸಾವಿನ ಅಪಾಯ ಸೊನ್ನೆಯಲ್ಲ. ಮೊದಲು ಕೊಡುವ ಜೋರು ಕೀಮೋದಿಂದ ಮುಂದೆ ಮಕ್ಕಳಾಗುವುದಕ್ಕೂ ತೊಂದರೆಯಾಗಬಹುದು. ಈ ಎರಡು ಮಾತನ್ನು ಕಸಿಗೆ ಮುಂಚೆಯೇ ಬಾಯಿಬಿಟ್ಟು ಮಾತಾಡಬೇಕು.

ಜೀನ್ ಥೆರಪಿ ಬಂದಿದೆಯಲ್ಲ ಎಂದು ಕೇಳುವವರಿದ್ದಾರೆ. ಬಂದಿದೆ. ಕ್ಯಾಸ್ಗೆವಿ ಎಂಬ ಥೆರಪಿಗೆ 2023ರ ಕೊನೆಯಲ್ಲಿ ಬ್ರಿಟನ್ ಮೊದಲು ಒಪ್ಪಿಗೆ ಕೊಟ್ಟಿತು. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ಮುಂದಿನ ವಿಷಯಕ್ಕೆ ಹೋಗೋಣ.

ಸ್ವಂತದ್ದೋ, ಬೇರೆಯವರದ್ದೋ?

ಇದನ್ನು ನೀವು ಆರಿಸುವುದಿಲ್ಲ, ಕಾಯಿಲೆಯೇ ಆರಿಸುತ್ತದೆ. ಮಲ್ಟಿಪಲ್ ಮೈಲೋಮಾ ಮತ್ತು ಮರುಕಳಿಸಿದ ಲಿಂಫೋಮಾ ಎಂಬ ಕ್ಯಾನ್ಸರುಗಳಿಗೆ ಹೆಚ್ಚಾಗಿ ರೋಗಿಯದೇ ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಮೂಲ ಕೋಶ) ತೆಗೆದಿಟ್ಟು, ಜೋರು ಕೀಮೋ ಕೊಟ್ಟು, ವಾಪಸ್ ಹಾಕುತ್ತಾರೆ. ದಾನಿ ಬೇಡ, ಮ್ಯಾಚ್ ಬೇಡ, ಖರ್ಚೂ ಕಡಿಮೆ, ಅಪಾಯವೂ ಕಡಿಮೆ. ಲಿಂಫೋಮಾದಲ್ಲಿ ಇದರಿಂದ ವಾಸಿಯಾಗುವವರಿದ್ದಾರೆ. ಮೈಲೋಮಾದಲ್ಲಿ ಕಾಯಿಲೆ ತಿರುಗಿ ಬರುವುದನ್ನು ಮುಂದಕ್ಕೆ ಹಾಕುತ್ತದೆ, ಬೇರುಸಹಿತ ಕೀಳುವುದು ಅಪರೂಪ. ಇದನ್ನು ಮೊದಲೇ ಸ್ಪಷ್ಟವಾಗಿ ಕೇಳಿಕೊಳ್ಳಿ. "ಕಸಿ ಆಯ್ತು, ಇನ್ನು ಗುಣ" ಎಂದು ನಂಬಿದ್ದವರಿಗೆ ಮತ್ತೆ ಮಾತ್ರೆ ಶುರು ಮಾಡಿದಾಗ ಭಾರೀ ಬೇಸರವಾಗುತ್ತದೆ.

ಶೀತದಲ್ಲಿಟ್ಟ ಸ್ವಂತ ಕೋಶಗಳನ್ನು ಹಾಕುವ ದಿನ ಕೋಣೆಗೆ ಹೋದರೆ ಒಂದು ವಿಚಿತ್ರ ವಾಸನೆ ಮೂಗಿಗೆ ಬಡಿಯುತ್ತದೆ. ಬೆಳ್ಳುಳ್ಳಿಯ ಥರ. ಕೋಶ ಕೆಡದಂತೆ ಬೆರೆಸುವ ಡಿಎಂಎಸ್‌ಒ ಎಂಬ ದ್ರವದ್ದು ಅದು. ರೋಗಿಯ ಉಸಿರಿನಲ್ಲಿ ಒಂದೆರಡು ದಿನ ಇರುತ್ತದೆ. ಗಾಬರಿಯಾಗಬೇಡಿ.

ಥಲಸ್ಸೀಮಿಯಾ, ಅಪ್ಲಾಸ್ಟಿಕ್ ಅನೀಮಿಯಾ, ಹೆಚ್ಚಿನ ಲ್ಯುಕೇಮಿಯಾಗಳಿಗೆ ಬೇರೆಯವರ ಮಜ್ಜೆಯೇ ಬೇಕು. ಇಲ್ಲಿಂದ ಮುಂದಿನದೆಲ್ಲ ಅವರಿಗೆ.

ಒಡಹುಟ್ಟಿದವರು ಮತ್ತು ಆ ರಿಪೋರ್ಟ್

ಎಚ್‌ಎಲ್‌ಎ ಎನ್ನುವುದು ನಮ್ಮ ಕೋಶಗಳ ಮೇಲಿನ ಗುರುತು. ಅದರ ಜೀನ್‌ಗಳು ಆರನೇ ಕ್ರೋಮೋಸೋಮಿನಲ್ಲಿ ಒಟ್ಟಿಗೆ ಇವೆ. ಅಪ್ಪನಿಂದ ಒಂದು ಸೆಟ್, ಅಮ್ಮನಿಂದ ಒಂದು ಸೆಟ್. ಹಾಗಾಗಿ ಅಪ್ಪ, ಅಮ್ಮ ಸಾಮಾನ್ಯವಾಗಿ ಅರ್ಧ ಮ್ಯಾಚ್. ಒಬ್ಬ ಅಣ್ಣನೋ ತಂಗಿಯೋ ಪೂರ್ತಿ ಮ್ಯಾಚ್ ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಬ್ಬರು ಒಡಹುಟ್ಟಿದವರಿದ್ದರೆ ಯಾರಾದರೊಬ್ಬರು ಹೊಂದುವ ಸಾಧ್ಯತೆ ಶೇ. 44, ಮೂವರಿದ್ದರೆ ಶೇ. 58. ಒಂದೇ ಮಗುವಿನ ಮನೆಗಳು ಹೆಚ್ಚಾದ ಹಾಗೆ ಈ ದಾರಿ ಕಿರಿದಾಗುತ್ತಿದೆ.

ರಿಪೋರ್ಟ್ ಕೈಗೆ ಬಂದರೆ ಹೀಗಿರುತ್ತದೆ: ಎ*33:03, ಎ*24:02. ಕೆಳಗೆ ಬಿ*44:03, ಬಿ*40:06. ಆಮೇಲೆ ಸಿ, ಡಿಆರ್‌ಬಿ1, ಡಿಕ್ಯೂಬಿ1. ಐದು ಸಾಲು, ಸಾಲಿಗೆ ಎರಡು ಗುರುತು. ಒಟ್ಟು ಹತ್ತು. ರೋಗಿಯ ಹತ್ತೂ ದಾನಿಯ ಹತ್ತೂ ಒಂದೇ ಆಗಿದ್ದರೆ ಅದೇ ಹತ್ತಕ್ಕೆ ಹತ್ತು ಮ್ಯಾಚ್. ಇಬ್ಬರ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ಬೆರಳಿಟ್ಟು ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ. ಕೋಲನ್ ಚಿಹ್ನೆಯ ನಂತರದ ಅಂಕಿಯನ್ನೂ ನೋಡಿ. ಬರೀ 33 ಎಂದು ಬರೆದಿದ್ದರೆ ಅದು ಸ್ಥೂಲವಾದ ಪರೀಕ್ಷೆ. ಒಡಹುಟ್ಟಿದವರಲ್ಲಿ ಅಷ್ಟರಿಂದಲೂ ಅಂದಾಜು ಸಿಗುತ್ತದೆ, ಏಕೆಂದರೆ ಇಡೀ ಸೆಟ್ ಒಟ್ಟಿಗೆ ಇಳಿದು ಬಂದಿರುತ್ತದೆ. ಹೊರಗಿನ ದಾನಿಯಾದರೆ 33:03 ಎನ್ನುವಷ್ಟು ಸೂಕ್ಷ್ಮವಾಗಿ ಹೊಂದಲೇಬೇಕು. ಕಸಿಗೆ ಮೊದಲು ಹೊಸ ಸ್ಯಾಂಪಲ್ ತೆಗೆದು ಇನ್ನೊಮ್ಮೆ ಖಚಿತ ಮಾಡಿಕೊಳ್ಳುವುದು ನಿಯಮ. ಇದನ್ನು ದುಡ್ಡು ಕೀಳುವ ಉಪಾಯ ಎಂದುಕೊಳ್ಳಬೇಡಿ.

ರಕ್ತದ ಗುಂಪು ಒಂದೇ ಆಗಿರಬೇಕಾಗಿಲ್ಲ. ಎಷ್ಟೋ ಮನೆಗಳಲ್ಲಿ ತಂಗಿಯದ್ದು ಬಿ ಪಾಸಿಟಿವ್, ಅಣ್ಣನದ್ದು ಒ ಪಾಸಿಟಿವ್ ಎಂದು ಟೆಸ್ಟನ್ನೇ ಮಾಡಿಸಿರುವುದಿಲ್ಲ. ಕಸಿ ಹಿಡಿದ ಮೇಲೆ ರೋಗಿಯ ರಕ್ತದ ಗುಂಪೇ ದಾನಿಯದ್ದಾಗಿ ಬದಲಾಗುತ್ತದೆ. ಹಾಗೆಯೇ, ಥಲಸ್ಸೀಮಿಯಾ ಮೈನರ್ ಇರುವ, ಅಂದರೆ ಜೀನ್ ಹೊತ್ತಿದ್ದರೂ ಕಾಯಿಲೆ ಇಲ್ಲದ ಅಕ್ಕ ದಾನಿಯಾಗಬಾರದು ಎನ್ನುವುದೂ ತಪ್ಪು ಕಲ್ಪನೆ. ಆಗಬಹುದು. ಮೇಜರ್ ಇದ್ದವರು ಮಾತ್ರ ಆಗುವುದಿಲ್ಲ.

ನಮ್ಮ ಕಡೆಯ ಮದುವೆಗಳಿಗೆ ಸೇರಿದ ಒಂದು ಮಾತು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದ ಮನೆಗಳಲ್ಲಿ ಥಲಸ್ಸೀಮಿಯಾದಂಥ ಕಾಯಿಲೆ ಮಕ್ಕಳಲ್ಲಿ ಬರುವ ಸಾಧ್ಯತೆ ಜಾಸ್ತಿ. ಅದೇ ಕಾರಣಕ್ಕೆ ಅಪ್ಪನೋ ಅಮ್ಮನೋ ಅಜ್ಜಿಯೋ ಚಿಕ್ಕಪ್ಪನೋ ಪೂರ್ತಿ ಮ್ಯಾಚ್ ಆಗಿಬಿಡುವ ಸಾಧ್ಯತೆಯೂ ಜಾಸ್ತಿ. ಗಂಡ ಹೆಂಡತಿ ಸಂಬಂಧಿಕರಾಗಿದ್ದರೆ ಅದನ್ನು ಡಾಕ್ಟರಿಗೆ ಮುಚ್ಚಿಡಬೇಡಿ. ಒಡಹುಟ್ಟಿದವರು ಹೊಂದದಿದ್ದರೂ ಅಪ್ಪ ಅಮ್ಮನ ಟೆಸ್ಟ್ ಮಾಡಿಸಲು ಅದು ಒಳ್ಳೆಯ ಕಾರಣ.

ರಿಜಿಸ್ಟ್ರಿಯ ದಾನಿಯೋ, ಮನೆಯ ಅರ್ಧ ಮ್ಯಾಚೋ?

ನಿಜವಾದ ಆಯ್ಕೆ ಇರುವುದು ಇಲ್ಲಿ. ಮನೆಯಲ್ಲಿ ಪೂರ್ತಿ ಮ್ಯಾಚ್ ಇಲ್ಲ. ಈಗೇನು?

ಒಂದು ದಾರಿ, ಗುರುತು ಪರಿಚಯ ಇಲ್ಲದ ದಾನಿ. ಮಜ್ಜೆ ಕೊಡಲು ಒಪ್ಪಿದವರ ಹೆಸರಿನ ಪಟ್ಟಿಯೇ ರಿಜಿಸ್ಟ್ರಿ. ಜಗತ್ತಿನ ಎಲ್ಲ ರಿಜಿಸ್ಟ್ರಿ ಸೇರಿ 4 ಕೋಟಿಗೂ ಹೆಚ್ಚು ಜನ ಹೆಸರು ಕೊಟ್ಟಿದ್ದಾರೆ. ಕೇಳಲು ದೊಡ್ಡ ಸಂಖ್ಯೆ. ಅದರಲ್ಲಿ ಜರ್ಮನಿಯೊಂದರದ್ದೇ ಸುಮಾರು ಒಂದು ಕೋಟಿ. ಭಾರತದ ಪಾಲು ತೀರಾ ಚಿಕ್ಕದು. ಎಚ್‌ಎಲ್‌ಎ ಗುರುತುಗಳು ವಂಶದ ಜೊತೆ ಬರುವಂಥವು. ಎ*33:03, ಬಿ*44:03, ಡಿಆರ್‌ಬಿ1*07:01 ಒಟ್ಟಿಗೆ ಇರುವ ಸೆಟ್ ನಮ್ಮ ದೇಶದಲ್ಲಿ ಸಾಕಷ್ಟು ಜನರಲ್ಲಿದೆ. ಜರ್ಮನ್ನರಲ್ಲಿ ಅದನ್ನು ಹುಡುಕುವುದು ಕಷ್ಟ. ಹಾಗಾಗಿ ಹುಬ್ಬಳ್ಳಿಯ ಹುಡುಗನಿಗೆ ಮ್ಯಾಚ್ ಸಿಗುವುದಾದರೆ ಇಲ್ಲಿಯವರಲ್ಲೇ ಸಿಗಬೇಕು, ಇಲ್ಲವೇ ಇಲ್ಲಿಂದ ಹೋಗಿ ನ್ಯೂಜೆರ್ಸಿಯಲ್ಲೋ ಲಂಡನ್ನಿನಲ್ಲೋ ನೆಲೆಸಿದವರಲ್ಲಿ ಸಿಗಬೇಕು. ಹೊರದೇಶದ ಕನ್ನಡಿಗರು ಅಲ್ಲಿನ ರಿಜಿಸ್ಟ್ರಿಗೆ ಹೆಸರು ಕೊಟ್ಟರೂ ಅದು ಇಲ್ಲಿಯ ಹುಡುಕಾಟದಲ್ಲಿ ಕಾಣುತ್ತದೆ.

ಸಿಕ್ಕಿತು ಎಂದುಕೊಳ್ಳಿ. ದಾನಿಗೆ ಫೋನ್ ಮಾಡಬೇಕು, ಒಪ್ಪಬೇಕು, ಮತ್ತೆ ಟೆಸ್ಟ್, ಆರೋಗ್ಯ ತಪಾಸಣೆ, ದಿನ ಗೊತ್ತು ಮಾಡುವುದು. ಎರಡು ಮೂರು ತಿಂಗಳು ಹಿಡಿಯುವುದು ಸಾಮಾನ್ಯ. ಕೋಶಗಳನ್ನು ತರುವ ರೀತಿಯೇ ಒಂದು ನೋಟ. ತಂಪು ಪೆಟ್ಟಿಗೆಯಲ್ಲಿಟ್ಟು ಒಬ್ಬ ವ್ಯಕ್ತಿ ಕೈಯಲ್ಲೇ ಹಿಡಿದು ವಿಮಾನದಲ್ಲಿ ಬರುತ್ತಾರೆ. ಪೆಟ್ಟಿಗೆಯನ್ನು ಎಕ್ಸ್‌ರೇ ಯಂತ್ರಕ್ಕೆ ಹಾಕಬೇಡಿ ಎನ್ನುವ ಪತ್ರ ಜೊತೆಗಿರುತ್ತದೆ. ತೆಗೆದ 72 ಗಂಟೆಯೊಳಗೆ ರೋಗಿಯ ಮೈ ಸೇರಬೇಕು.

ಇನ್ನೊಂದು ದಾರಿ ಅರ್ಧ ಮ್ಯಾಚ್, ಆಸ್ಪತ್ರೆಯವರ ಬಾಯಲ್ಲಿ ಹ್ಯಾಪ್ಲೋ. ಅಪ್ಪ, ಅಮ್ಮ, ಮಗ, ಮಗಳು, ಅರ್ಧ ಹೊಂದುವ ಅಣ್ಣ ತಮ್ಮ, ಯಾರಾದರೂ ಆಗಬಹುದು. ದಾನಿ ಪಕ್ಕದ ಕುರ್ಚಿಯಲ್ಲೇ ಕುಳಿತಿರುತ್ತಾರೆ. ಮೊದಲು ಇದು ತೀರಾ ಅಪಾಯದ್ದಾಗಿತ್ತು. ದಾನಿಯ ಕೋಶಗಳು ರೋಗಿಯ ಚರ್ಮ, ಕರುಳು, ಲಿವರ್ ಮೇಲೆ ಬೀಳುತ್ತಿದ್ದವು. ಇದೇ ಜಿವಿಎಚ್‌ಡಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು ಒಂದು ಉಪಾಯ ಬೆಳೆಸಿದರು. ಕಸಿಯಾದ ಮೂರನೇ ಮತ್ತು ನಾಲ್ಕನೇ ದಿನ ಸೈಕ್ಲೋಫಾಸ್ಫಮೈಡ್ ಕೊಡುವುದು. ಅಷ್ಟರಲ್ಲಿ ದಾಳಿಗೆ ಎದ್ದು ವೇಗವಾಗಿ ಹೆಚ್ಚುತ್ತಿರುವ ಕೋಶಗಳು ಸಾಯುತ್ತವೆ, ಸ್ಟೆಮ್ ಸೆಲ್‌ಗಳು ಉಳಿದುಕೊಳ್ಳುತ್ತವೆ. ಔಷಧಿ ಹಳೆಯದು, ಅಗ್ಗದ್ದು. ನಮ್ಮಂಥ ದೇಶಕ್ಕೆ ಇದರಿಂದ ಆದ ಉಪಕಾರ ಸಣ್ಣದಲ್ಲ.

ಹಾಗಾದರೆ ಯಾವುದು? ಲ್ಯುಕೇಮಿಯಾ ಆಗಿದ್ದು, ಹತ್ತಕ್ಕೆ ಹತ್ತು ಹೊಂದುವ ಯುವ ದಾನಿ ಬೇಗ ಲಭ್ಯವಿದ್ದರೆ ಅನೇಕ ಡಾಕ್ಟರುಗಳು ಅತ್ತ ಒಲಿಯುತ್ತಾರೆ. ಆದರೆ ಇನ್ನೂ ಚೆನ್ನಾಗಿ ಹೊಂದುವವರು ಸಿಗಬಹುದು ಎಂದು ರೆಮಿಷನ್ನಿನ ವಾರಗಳನ್ನು ಕಳೆಯುವುದು ನನ್ನ ಮಟ್ಟಿಗೆ ತಪ್ಪು ಲೆಕ್ಕ. ಒಳ್ಳೆಯ ಹ್ಯಾಪ್ಲೋ ಅನುಭವ ಇರುವ ಆಸ್ಪತ್ರೆಯಲ್ಲಿ, ಸಮಯಕ್ಕೆ ಸರಿಯಾಗಿ ಆಗುವ ಅರ್ಧ ಮ್ಯಾಚ್ ಕಸಿಯೇ ಮೇಲು. ರಿಜಿಸ್ಟ್ರಿಯಲ್ಲಿ ಹುಡುಕುತ್ತಲೇ ಮನೆಯ ದಾನಿಯನ್ನೂ ತಯಾರು ಮಾಡಿಟ್ಟುಕೊಳ್ಳುವುದು ಜಾಣತನ.

ಥಲಸ್ಸೀಮಿಯಾದಲ್ಲಿ ಇದೇ ಮಾತು ತಿರುಗುಮುರುಗಾಗುತ್ತದೆ. ಅಲ್ಲಿ ಕಾಯಲು ಸಮಯ ಇದೆ. ಪದೇ ಪದೇ ರಕ್ತ ಹಾಕಿಸಿಕೊಂಡ ಮೈ ಅರ್ಧ ಮ್ಯಾಚ್ ಮಜ್ಜೆಯನ್ನು ತಿರಸ್ಕರಿಸುವ ಅಪಾಯ ಜಾಸ್ತಿ. ಮಗು ಹೇಗೂ ರಕ್ತ, ಔಷಧಿಯಲ್ಲಿ ಚೆನ್ನಾಗಿಯೇ ಇದೆ. ಹಾಗಿರುವಾಗ ಹ್ಯಾಪ್ಲೋಗೆ ಧುಮುಕುವ ಮೊದಲು ಎರಡು ಮೂರು ಕಡೆ ಅಭಿಪ್ರಾಯ ಕೇಳಿ. "ಥಲಸ್ಸೀಮಿಯಾ ಮಕ್ಕಳಿಗೆ ಹ್ಯಾಪ್ಲೋ ನೀವು ಎಷ್ಟು ಮಾಡಿದ್ದೀರಿ? ಎಷ್ಟು ಹಿಡಿಯಿತು?" ಎಂದು ನೇರವಾಗಿ ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವ ಜಾಗದಲ್ಲಿ ಮಾಡಿಸಬೇಡಿ.

ಅರ್ಧ ಮ್ಯಾಚ್ ದಾನಿಗಳು ಇಬ್ಬರು ಮೂವರಿದ್ದರೆ ಆರಿಸುವುದಕ್ಕೂ ಕ್ರಮ ಇದೆ. ರೋಗಿಯ ರಕ್ತದಲ್ಲಿ ಆ ದಾನಿಯ ವಿರುದ್ಧ ಪ್ರತಿಕಾಯ ಇದೆಯೇ ಎಂದು ಮೊದಲು ನೋಡುತ್ತಾರೆ. ಡಿಎಸ್‌ಎ ಎಂದು ಬರೆದಿರುವ ಟೆಸ್ಟ್ ಅದು. ಅದು ಜೋರಾಗಿದ್ದರೆ ಆ ದಾನಿಯನ್ನು ಬಿಡುತ್ತಾರೆ. ಮಕ್ಕಳನ್ನು ಹೆತ್ತ ತಾಯಿಯ ರಕ್ತದಲ್ಲಿ ತನ್ನ ಮಕ್ಕಳ ವಿರುದ್ಧವೇ ಇಂಥ ಪ್ರತಿಕಾಯ ಇರುವುದುಂಟು, ಆದ್ದರಿಂದ ಅಮ್ಮನಿಗೆ ಮಗ ಕೊಡುವಾಗ ಇದನ್ನು ಬಿಡದೆ ನೋಡಬೇಕು. ಆಮೇಲೆ ವಯಸ್ಸು. ಸಾಮಾನ್ಯವಾಗಿ ಚಿಕ್ಕ ವಯಸ್ಸಿನವರಿಗೇ ಮೊದಲ ಮಣೆ.

ಹೊಕ್ಕುಳಬಳ್ಳಿಯ ರಕ್ತ

1988ರಲ್ಲಿ ಪ್ಯಾರಿಸ್ಸಿನಲ್ಲಿ ಫ್ಯಾಂಕೋನಿ ಅನೀಮಿಯಾ ಎಂಬ ಹುಟ್ಟಿನಿಂದ ಬರುವ ಮಜ್ಜೆಯ ಕಾಯಿಲೆ ಇದ್ದ ಹುಡುಗನಿಗೆ ತಂಗಿಯ ಹೊಕ್ಕುಳಬಳ್ಳಿಯ ರಕ್ತ ಹಾಕಿ ವಾಸಿ ಮಾಡಿದರು. ವಿಜ್ಞಾನ ಗಟ್ಟಿಯಾದದ್ದೇ. ಆದರೆ ಹೆರಿಗೆ ವಾರ್ಡಿನ ಬಾಗಿಲಲ್ಲಿ ಕೈಗೆ ಸಿಗುವ ಬ್ರೋಶರ್ ಬೇರೆಯೇ ವಿಷಯ. ನಿಮ್ಮ ಮಗುವಿನ ಭವಿಷ್ಯಕ್ಕೆ ವಿಮೆ ಎಂದು ಸಾವಿರಗಟ್ಟಲೆ ಕಟ್ಟಿಸಿಕೊಳ್ಳುತ್ತಾರೆ. ಥಲಸ್ಸೀಮಿಯಾ ಮಗುವಿನ ಸ್ವಂತ ಹೊಕ್ಕುಳಬಳ್ಳಿಯಲ್ಲೂ ಅದೇ ಥಲಸ್ಸೀಮಿಯಾ ಜೀನ್ ಇರುತ್ತದೆ, ಅದನ್ನೇ ವಾಪಸ್ ಹಾಕಿ ಏನು ಪ್ರಯೋಜನ? ಮುಂದೆ ತನಗೇ ಬೇಕಾಗಬಹುದು ಎಂದು ಇಡುವುದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಎಂದು ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಮಾರ್ಗಸೂಚಿಯೂ ಹೇಳುತ್ತದೆ. ಮನೆಯಲ್ಲಿ ಆಗಲೇ ಕಸಿ ಬೇಕಾದ ದೊಡ್ಡ ಮಗು ಇದ್ದು, ಈಗ ತಮ್ಮನೋ ತಂಗಿಯೋ ಹುಟ್ಟುತ್ತಿದ್ದರೆ ಮಾತ್ರ ಡಾಕ್ಟರ ಜೊತೆ ಮಾತಾಡಿ ತೆಗೆದಿಡುವುದಕ್ಕೆ ಅರ್ಥ ಇದೆ. ಉಳಿದವರು ಆ ದುಡ್ಡನ್ನು ಬ್ಯಾಂಕಿನಲ್ಲಿಡಿ.

ಸೊಂಟದ ಮೂಳೆಯಿಂದಲೋ, ತೋಳಿನ ರಕ್ತದಿಂದಲೋ?

ದಾನಿಯಿಂದ ಕೋಶ ತೆಗೆಯಲು ಎರಡು ವಿಧಾನ. ಬೆನ್ನುಹುರಿಗೆ ಕೈ ಹಾಕುವ ಮಾತು ಎರಡರಲ್ಲೂ ಇಲ್ಲ. ಈ ಭಯದಿಂದಲೇ ಎಷ್ಟೋ ಜನ ಹಿಂದೆ ಸರಿಯುತ್ತಾರೆ.

ತೋಳಿನ ರಕ್ತದಿಂದ ತೆಗೆಯುವುದಾದರೆ ನಾಲ್ಕೈದು ದಿನ ಜಿಸಿಎಸ್‌ಎಫ್ ಇಂಜೆಕ್ಷನ್ ಕೊಡುತ್ತಾರೆ. ಮಜ್ಜೆಯಲ್ಲಿರುವ ಸ್ಟೆಮ್ ಸೆಲ್‌ಗಳು ರಕ್ತಕ್ಕೆ ಇಳಿಯುತ್ತವೆ. ಆ ದಿನಗಳಲ್ಲಿ ಸೊಂಟ, ಬೆನ್ನು, ಎದೆಮೂಳೆ ಒಳಗಿನಿಂದ ಮಿಡಿದ ಹಾಗೆ ನೋವು, ತಲೆನೋವು, ಜ್ವರ ಬಂದ ಮೈಯಂತೆ ಸುಸ್ತು. ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಕೊನೆಗೆ ಯಂತ್ರದ ಪಕ್ಕ ನಾಲ್ಕರಿಂದ ಆರು ಗಂಟೆ. ಒಂದು ತೋಳಿನಿಂದ ರಕ್ತ ಹೋಗಿ, ಬೇಕಾದ ಕೋಶ ಮಾತ್ರ ಉಳಿಸಿಕೊಂಡು, ಇನ್ನೊಂದು ತೋಳಿಗೆ ವಾಪಸ್ ಬರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಹಾಕುವ ಸಿಟ್ರೇಟ್‌ನಿಂದ ತುಟಿ, ಬೆರಳ ತುದಿ ಜುಮ್ಮೆನ್ನುತ್ತದೆ. ಸುಮ್ಮನೆ ತಡೆದುಕೊಳ್ಳಬೇಡಿ, ನರ್ಸಿಗೆ ಹೇಳಿ, ಕ್ಯಾಲ್ಸಿಯಂ ಕೊಡುತ್ತಾರೆ. ಇನ್ನೊಂದು ಮಾತು: ಎರಡೂ ಕೈಗೆ ಸೂಜಿ ಇರುವುದರಿಂದ ಮೂಗು ಕೆರೆದುಕೊಳ್ಳಲೂ ಜೊತೆಗೊಬ್ಬರು ಬೇಕು.

ಸೊಂಟದ ಮೂಳೆಯಿಂದಾದರೆ ಪೂರ್ತಿ ಅರಿವಳಿಕೆ ಕೊಟ್ಟು, ಹಿಂಭಾಗದಲ್ಲಿ ಸೊಂಟಪಟ್ಟಿ ಕಟ್ಟುವ ಜಾಗದ ಮೂಳೆಗೆ ಸೂಜಿ ಹಾಕಿ ತೆಗೆಯುತ್ತಾರೆ. ಒಂದೆರಡು ಗಂಟೆಯ ಕೆಲಸ. ದಾನಿಯ ತೂಕದ ಪ್ರತಿ ಕಿಲೋಗೆ 20 ಮಿಲಿಗಿಂತ ಹೆಚ್ಚು ತೆಗೆಯಬಾರದು ಎನ್ನುವುದು ವಾಡಿಕೆಯ ಮಿತಿ. ಒಂದೆರಡು ವಾರ ಸೊಂಟ ನೋವಿರುತ್ತದೆ, ಕಬ್ಬಿಣದ ಮಾತ್ರೆ ಕೊಡುತ್ತಾರೆ. ಮಜ್ಜೆ ಕೆಲವೇ ವಾರಗಳಲ್ಲಿ ತುಂಬಿಕೊಳ್ಳುತ್ತದೆ.

ದಾನಿಗೆ ಸಲೀಸು ಎಂದು ತೋಳಿನಿಂದ ತೆಗೆಯುವುದೇ ಈಗ ಹೆಚ್ಚು. ರೋಗಿಯ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಅಮೆರಿಕ, ಕೆನಡಾದಲ್ಲಿ ಹೊರಗಿನ ದಾನಿಗಳ ಕಸಿ ಮೇಲೆ ದೊಡ್ಡ ಅಧ್ಯಯನ ನಡೆದು 2012ರಲ್ಲಿ ಫಲಿತಾಂಶ ಬಂತು. ಎರಡು ವರ್ಷದ ಹೊತ್ತಿಗೆ ಬದುಕುಳಿದವರ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಆದರೆ ದೀರ್ಘಕಾಲದ ಜಿವಿಎಚ್‌ಡಿ ರಕ್ತದಿಂದ ತೆಗೆದವರಲ್ಲಿ ಶೇ. 53, ಮಜ್ಜೆಯಿಂದ ತೆಗೆದವರಲ್ಲಿ ಶೇ. 41. ಕಸಿ ಹಿಡಿಯದೆ ಹೋದದ್ದು ಮಾತ್ರ ತಿರುಗಾಮುರುಗಾ: ರಕ್ತದ್ದರಲ್ಲಿ ಶೇ. 3, ಮಜ್ಜೆಯದ್ದರಲ್ಲಿ ಶೇ. 9.

ದೀರ್ಘಕಾಲದ ಜಿವಿಎಚ್‌ಡಿ ಎಂದರೆ ವರ್ಷಗಟ್ಟಲೆ ಒಣಗಿದ ಕಣ್ಣು, ಖಾರ ತಾಳದ ಬಾಯಿ, ಬಿಗಿಯಾದ ಚರ್ಮ. ಲ್ಯುಕೇಮಿಯಾದಲ್ಲಿ ದಾನಿಯ ಕೋಶಗಳು ಉಳಿದ ಕ್ಯಾನ್ಸರ್ ಕೋಶಗಳನ್ನೂ ಕೊಲ್ಲುತ್ತವೆ, ಆದ್ದರಿಂದ ಅಲ್ಲಿ ಸ್ವಲ್ಪ ಜಿವಿಎಚ್‌ಡಿ ಸಹಿಸಿಕೊಳ್ಳುವುದಕ್ಕೆ ಅರ್ಥವಿದೆ. ಥಲಸ್ಸೀಮಿಯಾ, ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಕೊಲ್ಲಬೇಕಾದ ಕ್ಯಾನ್ಸರ್ ಯಾವುದೂ ಇಲ್ಲ. ಜಿವಿಎಚ್‌ಡಿ ಬಂದರೆ ಬರೀ ನಷ್ಟ. ಹಾಗಾಗಿ ಈ ಕಾಯಿಲೆಗಳಿಗೆ, ಅದರಲ್ಲೂ ಮಕ್ಕಳಿಗೆ, ಮೂಳೆಯಿಂದ ತೆಗೆದ ಮಜ್ಜೆಯೇ ಒಳ್ಳೆಯದು ಎನ್ನುವವರು ಹೆಚ್ಚು. ನಿಮ್ಮ ಆಸ್ಪತ್ರೆ ಬೇರೆ ರೀತಿ ಮಾಡುತ್ತಿದ್ದರೆ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ.

ದುಡ್ಡು, ಜಾಗ

ಭಾರತದಲ್ಲಿ ಮೊದಲ ಕಸಿಗಳು 1983ರಲ್ಲಿ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಶುರುವಾದವು. ವೆಲ್ಲೂರಿನ ಸಿಎಂಸಿಯಲ್ಲಿ 1986ರಲ್ಲಿ. ಕರ್ನಾಟಕದ ರೋಗಿಗಳು ಬಹಳ ಕಾಲ ವೆಲ್ಲೂರಿನ ರೈಲು ಹತ್ತುತ್ತಿದ್ದರು, ಈಗಲೂ ಹತ್ತುತ್ತಾರೆ. ಈಗ ಬೆಂಗಳೂರಿನಲ್ಲೇ ಹಲವು ಕೇಂದ್ರಗಳಿವೆ, ಸರ್ಕಾರಿ ಸ್ವಾಮ್ಯದ ಕಿದ್ವಾಯಿಯಲ್ಲೂ ಬಿಎಂಟಿ, ಅಂದರೆ ಬೋನ್ ಮ್ಯಾರೋ ಕಸಿ ಘಟಕವಿದೆ.

ಖರ್ಚಿನಲ್ಲಿ ಸ್ವಂತ ಕೋಶದ ಕಸಿ ಎಲ್ಲಕ್ಕಿಂತ ಕಡಿಮೆ. ಆಮೇಲೆ ಒಡಹುಟ್ಟಿದವರದ್ದು. ಖಾಸಗಿ ಆಸ್ಪತ್ರೆಯಲ್ಲಿ ಇದೇ 10 ಲಕ್ಷ ದಾಟುವುದು ಮಾಮೂಲು. ಹ್ಯಾಪ್ಲೋಗೆ ಇನ್ನೂ ಜಾಸ್ತಿ, ಏಕೆಂದರೆ ಸೋಂಕಿನ ಔಷಧಿ, ಆಸ್ಪತ್ರೆಯ ದಿನಗಳು ಹೆಚ್ಚು. ರಿಜಿಸ್ಟ್ರಿ ದಾನಿಯಾದರೆ ಕೋಶ ತರಿಸುವುದಕ್ಕೇ ಪ್ರತ್ಯೇಕ ಲಕ್ಷಗಳು, ವಿದೇಶದ್ದಾದರೆ ಬಹಳ. ಕೊಟೇಶನ್ ಹೋಲಿಸುವಾಗ ಒಟ್ಟು ಮೊತ್ತ ನೋಡಬೇಡಿ. ಪ್ಯಾಕೇಜ್ ಎಷ್ಟನೇ ದಿನದವರೆಗೆ ಎಂದು ನೋಡಿ. ಮೂವತ್ತನೇ ದಿನಕ್ಕೆ ಮುಗಿಯುವ ಪ್ಯಾಕೇಜ್ ಅಗ್ಗವಾಗಿ ಕಾಣುತ್ತದೆ. ನಿಜವಾದ ತೊಂದರೆಗಳು ಎಷ್ಟೋ ಸಲ ಅದರ ನಂತರ, ನೂರನೇ ದಿನದೊಳಗೆ ಬರುತ್ತವೆ. ಶಿಲೀಂಧ್ರದ ಇಂಜೆಕ್ಷನ್, ಸಿಎಂವಿ ವೈರಸ್ಸಿನ ಮಾತ್ರೆ, ಪ್ಲೇಟ್‌ಲೆಟ್ ಬಿಲ್ಲು ಒಳಗಿದೆಯೋ ಹೊರಗಿದೆಯೋ ಕೇಳಿ. ಊರು ದೂರವಾದರೆ ಆಸ್ಪತ್ರೆಯ ಹತ್ತಿರ ಮೂರು ತಿಂಗಳ ಬಾಡಿಗೆ ಮನೆ ಬೇಕು. ಅಡುಗೆಮನೆ ಇರುವಂಥದ್ದು. ಹೋಟೆಲ್ ಊಟ, ಹಸಿ ಸೊಪ್ಪು, ಚಟ್ನಿ ಯಾವುದೂ ನಡೆಯುವುದಿಲ್ಲ. ಕುಕ್ಕರಿನಲ್ಲಿ ಬೆಂದದ್ದನ್ನು ಬಿಸಿಬಿಸಿಯಾಗಿ ಕೊಡಬೇಕು.

ಥಲಸ್ಸೀಮಿಯಾ, ಅಪ್ಲಾಸ್ಟಿಕ್ ಅನೀಮಿಯಾ ಇರುವವರಿಗೆ ಕೋಲ್ ಇಂಡಿಯಾದ ದುಡ್ಡಿನಲ್ಲಿ ನಡೆಯುವ ಥಲಸ್ಸೀಮಿಯಾ ಬಾಲ ಸೇವಾ ಯೋಜನೆಯಿಂದ 10 ಲಕ್ಷದವರೆಗೆ ನೆರವು ಸಿಗುತ್ತದೆ. ವಯಸ್ಸಿನ, ಆದಾಯದ ಮಿತಿ ಇದೆ. ಗೊತ್ತುಪಡಿಸಿದ ಆಸ್ಪತ್ರೆಯಲ್ಲೇ ಮಾಡಿಸಬೇಕು. ಎಚ್‌ಎಲ್‌ಎ ಟೆಸ್ಟಿಗೆ ದುಡ್ಡಿಲ್ಲ ಎಂದು ನಿಲ್ಲಿಸಬೇಡಿ. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್, ಡಿಕೆಎಂಎಸ್ ಥರದ ಸಂಸ್ಥೆಗಳು ಥಲಸ್ಸೀಮಿಯಾ ಕುಟುಂಬಗಳಿಗೆ ಉಚಿತ ಶಿಬಿರ ನಡೆಸುತ್ತವೆ.

ಕೊಡುವವರಿಗೆ ಎರಡು ಮಾತು

ಮನೆಯೊಳಗಿನ ದಾನಿಯ ಮೇಲೆ ಒತ್ತಡ ಬಹಳ. ತಮ್ಮನಿಗೆ ಕೊಡಬೇಕಾದ ಅಕ್ಕ ಮದುವೆಯ ವಯಸ್ಸಿಗೆ ಬಂದಿದ್ದರಂತೂ ಮುಗಿಯಿತು. ನಾಳೆ ಮಕ್ಕಳಾಗದಿದ್ದರೆ ಎಂದು ಯಾರಾದರೊಬ್ಬರು ಎತ್ತುತ್ತಾರೆ. ಮಜ್ಜೆ ಕೊಡುವುದಕ್ಕೂ ಮಕ್ಕಳಾಗುವುದಕ್ಕೂ ಸಂಬಂಧವಿಲ್ಲ. ಆ ಅಪಾಯ ಕೀಮೋ ತೆಗೆದುಕೊಳ್ಳುವ ರೋಗಿಯದ್ದು, ದಾನಿಯದ್ದಲ್ಲ. ದಾನಿಯ ತಪಾಸಣೆಯನ್ನು ರೋಗಿಯ ಡಾಕ್ಟರ್ ಬಿಟ್ಟು ಬೇರೆಯವರು ಮಾಡುವುದು ಒಳ್ಳೆಯ ಪದ್ಧತಿ. ಆ ಕೋಣೆಯಲ್ಲಿ ಮನೆಯವರು ಇರದೆ, ದಾನಿ ಒಬ್ಬರೇ ತಮ್ಮ ಭಯ ಹೇಳಿಕೊಳ್ಳುವಂತಿರಬೇಕು.

ಹೊರಗಿನವರಾಗಿ ಹೆಸರು ಕೊಡಬೇಕೆಂದಿದ್ದರೆ ಚೆನ್ನೈನಲ್ಲಿ ಶುರುವಾದ ದಾತ್ರಿ ಎಂಬ ರಿಜಿಸ್ಟ್ರಿ ಇದೆ, ಬೆಂಗಳೂರಿನ ಡಿಕೆಎಂಎಸ್ ಇದೆ. 18 ತುಂಬಿರಬೇಕು. ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಉಜ್ಜಿ ಕಳಿಸಿದರೆ ಆಯಿತು. ಚಿಕ್ಕ ವಯಸ್ಸಿನಲ್ಲೇ ಕೊಟ್ಟರೆ ಕರೆ ಬರುವ ಸಾಧ್ಯತೆ ಹೆಚ್ಚು. ಎರಡು ಕಡೆ ಹೆಸರು ಕೊಡಬೇಕಿಲ್ಲ, ಒಂದು ಸಾಕು. ದಾನಕ್ಕೆ ದುಡ್ಡು ಕೊಡುವುದಿಲ್ಲ. ನಿಮ್ಮ ಓಡಾಟ, ತಪಾಸಣೆಯ ಖರ್ಚೂ ನಿಮ್ಮ ತಲೆಗೆ ಬರುವುದಿಲ್ಲ.

ಆದರೆ ಕಾಲೇಜು ಶಿಬಿರದಲ್ಲಿ ಗೆಳೆಯರ ಜೊತೆ ಹುಮ್ಮಸ್ಸಿನಲ್ಲಿ ಕೆನ್ನೆ ಉಜ್ಜಿ, ಆರು ವರ್ಷದ ಮೇಲೆ ಫೋನ್ ಬಂದಾಗ "ಮನೆಯಲ್ಲಿ ಬೇಡ ಅಂತಾರೆ" ಅನ್ನುವವರು ಇದ್ದಾರೆ. ಬೇಡ ಅನ್ನುವ ಹಕ್ಕು ಕೊನೆಯ ಗಳಿಗೆಯವರೆಗೂ ನಿಮ್ಮದೇ. ಆದರೆ ಕಸಿಗೆ ಒಂದು ವಾರ ಮೊದಲೇ ರೋಗಿಗೆ ಜೋರು ಕೀಮೋ ಶುರುವಾಗುತ್ತದೆ. ಅವರ ಮಜ್ಜೆ ಪೂರ್ತಿ ನಾಶವಾಗಿರುತ್ತದೆ. ಆ ವಾರದಲ್ಲಿ ದಾನಿ ಹಿಂದೆ ಸರಿದರೆ ಅವರು ಉಳಿಯುವುದು ಕಷ್ಟ. ಮನಸ್ಸಿಲ್ಲದಿದ್ದರೆ ಮೊದಲ ಫೋನಿನಲ್ಲೇ ಹೇಳಿಬಿಡಿ, ಆಗ ಅವರಿಗೆ ಬೇರೆ ದಾರಿ ಹುಡುಕಲು ಸಮಯ ಇರುತ್ತದೆ. ಕೆನ್ನೆ ಉಜ್ಜಿದ ದಿನವೇ ಅಮ್ಮನಿಗೋ ಹೆಂಡತಿಗೋ ವಿಷಯ ಹೇಳಿಡಿ. ಫೋನ್ ನಂಬರ್ ಬದಲಾಯಿಸಿದರೆ, ಊರು ಬಿಟ್ಟರೆ ರಿಜಿಸ್ಟ್ರಿಗೆ ಒಂದು ಮೇಲ್ ಹಾಕಿ.